ಐದು ಗಂಟೆಯವರು

ನಮ್ಮ ಕಾಲೇಜಿನ ಬಾಗಿಲಲ್ಲಿ ಸಂತ ಮತ್ತಾಯ ನಿಂತಿದ್ದಾನೆ,
ಒಂದು ಕೈಲಿ ಗರಿಲೇಖನಿ, ಇನ್ನೊಂದರಲ್ಲಿ ಹಣದ ಚೀಲ.
ಚಂಡಮಾರುತಕ್ಕೆ ಮುರಿದ ಮೂಗಿಗೆ ಸಿಮೆಂಟು ಮೆತ್ತಿದ್ದಾರೆ.
ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ ಅಂತಾರೆ;
ಬಾಕೊಲೊಡಿನ ಮಕ್ಕಳು ಪರೀಕ್ಷೆಯ ದಿನ
ಅವನಿಗೇ ಹೇಳಿಕೊಳ್ಳುತ್ತಾರೆ,
ಪಾದಕ್ಕೆ ಕ್ಯಾಲ್ಕುಲೇಟರ್ ಮುಟ್ಟಿಸಿ.

ನಾನು ವೆಚ್ಚದ ಲೆಕ್ಕ ಕಲಿಸುವವನು, ಇಪ್ಪತ್ತೊಂದು ವರ್ಷದಿಂದ.
ಅದಕ್ಕೆ ಮುಂಚೆ ಸಕ್ಕರೆ ಗಿರಣಿಯಲ್ಲಿ ಸಂಬಳದ ಗುಮಾಸ್ತ.
ಈ ವರ್ಷ ಡೀನ್, ಸಿಸ್ಟರ್ ಕನ್ಸೊರ್ಸಿಯಾ, ಸುತ್ತೋಲೆ ಕಳಿಸಿದರು:
ಪ್ರತಿ ವಿಷಯದಲ್ಲೂ ಮೌಲ್ಯ ಬರಬೇಕು, ವಾರಕ್ಕೊಂದು ತಾಸು.
ಸವಕಳಿಯ ಪಾಠದಲ್ಲಿ ಮೌಲ್ಯ ಇದ್ದೇ ಇದೆ ತಾಯಿ,
ವರ್ಷ ವರ್ಷ ಇಳಿಯುತ್ತಾ ಹೋಗುವಂಥದ್ದು, ಎಂದೆ.
ಅವರು ನಗಲಿಲ್ಲ.

ಹಾಗಾಗಿ ಗುರುವಾರ ಸಂಜೆಯ ತರಗತಿಗೆ
ಹಲಗೆಯ ಮೇಲೆ ದ್ರಾಕ್ಷಿತೋಟದ ಮಸ್ಟರ್ ರೋಲ್ ಬರೆದೆ.
ಬೆಳಗ್ಗೆ ಆರಕ್ಕೆ ಬಂದವರು, ಒಂಬತ್ತಕ್ಕೆ, ನಡುಹಗಲಿಗೆ, ಮೂರಕ್ಕೆ,
ಕೊನೆಗೆ ಐದಕ್ಕೆ.
ಎಲ್ಲರಿಗೂ ಕೂಲಿ ಒಂದೇ ಬೆಳ್ಳಿ ನಾಣ್ಯ.
ಪ್ರಶ್ನೆ: ತಾಸಿಗೆ ಬಿದ್ದ ಕೂಲಿ ಎಷ್ಟು? ಯಜಮಾನ ಮಾಡಿದ್ದು ಸರಿಯೆ?

ಟೊಬಿಯಾಸ್ ಕೈ ಎತ್ತಿದ. ಗಿರಣಿ ಮ್ಯಾನೇಜರನ ಮಗ, ಒಳ್ಳೆಯ ಹುಡುಗ.
"ಹನ್ನೆರಡು ಪಟ್ಟು ವ್ಯತ್ಯಾಸ ಸರ್.
ನಾಳೆ ಬೆಳಗ್ಗೆ ಆರಕ್ಕೆ ಒಬ್ಬನಾದರೂ ಬಂದರೆ ಕೇಳಿ."
ತರಗತಿ ನಕ್ಕಿತು. ನಾನೂ ನಕ್ಕೆ.
ಲೆಕ್ಕದಲ್ಲಿ ತಪ್ಪಿರಲಿಲ್ಲ.

ಆಗ ಹಿಂದಿನ ಬಾಗಿಲು ಕಿರ್ರೆಂದಿತು.
ಇರ್ಮಿನಾ ಮಗ್ಬನುವ, ಏಳೂಕಾಲಿಗೆ, ಎಂದಿನಂತೆ.
ಆಸ್ಪತ್ರೆಯ ಬಟ್ಟೆ ಒಗೆದು ಬಿಳುಚಿ ಸುಕ್ಕಾದ ಅಂಗೈ,
ನೋಟ್‌ಬುಕ್ಕಿಗೂ ಬ್ಲೀಚಿನ ವಾಸನೆ.
ಕೂರುವ ಮೊದಲೇ ಹಲಗೆ ಓದಿದಳು.
"ಐದರವರೆಗೆ ಅವರು ಎಲ್ಲಿದ್ದರು ಸರ್?"
ಪೇಟೆಬೀದಿಯಲ್ಲಿ, ಎಂದೆ. ಯಾರೂ ಕರೆದಿರಲಿಲ್ಲ.
"ನಿಂತೇ?"
ನಿಂತೇ.
"ಹಾಗಾದರೆ ಆ ಹನ್ನೊಂದು ತಾಸು ಯಾವ ಕಾಲಮ್ಮಿನಲ್ಲಿದೆ?"

ಈ ದ್ವೀಪದಲ್ಲಿ ಕಬ್ಬಿನ ಒಂದು ಕಟಾವಿಗೂ ಇನ್ನೊಂದಕ್ಕೂ ನಡುವೆ
ಕೆಲಸವಿಲ್ಲದ ತಿಂಗಳುಗಳಿಗೆ ಸತ್ತ ಕಾಲ ಎಂದು ಹೆಸರು.
ಗಿರಣಿಯ ಚಿಮಣಿ ಮಲಗುತ್ತದೆ, ಮನೆಯ ಒಲೆಯೂ.
ಹದಿನಾಲ್ಕು ಸತ್ತ ಕಾಲ ನಾನು ಗುಮಾಸ್ತನಾಗಿದ್ದೆ.
ನನ್ನ ಪುಸ್ತಕದಲ್ಲಿ ಆ ತಿಂಗಳುಗಳ ಪುಟ ಬಹಳ ಚೊಕ್ಕ:
ಕೂಲಿ, ಸೊನ್ನೆ. ಕೂಲಿ, ಸೊನ್ನೆ.
ಲೆಕ್ಕ ಪರಿಶೋಧಕರು ಬೆನ್ನು ತಟ್ಟಿದ್ದರು.
ಸೊನ್ನೆಯ ಆಚೆ ಜನ ಏನು ತಿಂದರೆಂದು ಬರೆಯಲು
ಯಾವ ಮುದ್ರಣಾಲಯದವನೂ ಗೆರೆ ಹಾಕಿರಲಿಲ್ಲ,
ನಾನೂ ಸ್ಕೇಲು ಹಿಡಿಯಲಿಲ್ಲ.

"ಆದರೆ ಆರಕ್ಕೆ ಬಂದವನ ಬೆವರು?" ಟೊಬಿಯಾಸ್ ಕೇಳಿದ,
ಈ ಸಲ ಮೆಲ್ಲಗೆ.
ನನ್ನಲ್ಲಿ ಉತ್ತರವಿರಲಿಲ್ಲ, ಇರ್ಮಿನಾಳಲ್ಲೂ.
"ಅಕ್ಕಿಯಂಗಡಿಯವನು ಸಂಜೆಗೆ ದರ ಇಳಿಸಲ್ಲ," ಎಂದಳು ಅಷ್ಟೆ,
ಪೆನ್ನಿನ ಮುಚ್ಚಳ ಹುಡುಕುತ್ತಾ.

ಗಂಟೆ ಹೊಡೆಯಿತು. ಕೋಣೆ ಖಾಲಿಯಾಯಿತು.
ಹಾಜರಿ ಪುಸ್ತಕ ತೆರೆದೆ. ನಿಯಮ ನನ್ನದೇ, ಕೈಬರಹವೂ:
ತರಗತಿ ಆರಕ್ಕೆ. ಹದಿನೈದು ನಿಮಿಷ ತಡವಾದರೆ ಗೈರು.
ಮಗ್ಬನುವ, ಇರ್ಮಿನಾ: ಗೈರು, ಗೈರು, ಗೈರು,
ಒಂಬತ್ತು ಕೆಂಪು ಗೆರೆ. ಹತ್ತಾದರೆ ಪರೀಕ್ಷೆಗೆ ಕೂರುವಂತಿಲ್ಲ.
ಅವಳು ದಿನವೂ ಬಂದಿದ್ದಳು.

ತಿದ್ದಿದರೆ ಆರು ಗಂಟೆಯವರು ಗೊಣಗುತ್ತಾರೆ, ನ್ಯಾಯವಾಗಿಯೇ.
ಡೀನ್ ಸಹಿ ಬೇಕು. ವೈಟ್ನರ್ ಒಣಗಿಹೋಗಿದೆ.
ಕಿಟಕಿಯಾಚೆ ಸುಂಕದವನು, ಅವನ ಸಿಮೆಂಟಿನ ಮೂಗು.
ಅವನೂ ಒಂದು ದಿನ ಕರೆ ಕೇಳಿ
ಲೆಕ್ಕ ಅರ್ಧಕ್ಕೇ ಬಿಟ್ಟು ಮೇಜಿನಿಂದ ಎದ್ದವನು.
ಆ ಪುಸ್ತಕವನ್ನು ಆಮೇಲೆ ಯಾರು ಕೂಡಿ ಮುಗಿಸಿದರೋ
ಅವನ ಶುಭಸಂದೇಶದಲ್ಲಿ ಬರೆದಿಲ್ಲ.

ಕುರ್ಚಿ ಹಿಂದಕ್ಕೆ ಸರಿಸಿದೆ.
ಸಿಸ್ಟರ್ ಕೋಣೆಯಲ್ಲಿ ಇನ್ನೂ ದೀಪವಿತ್ತು.